ಏನ್ ಬೇಕಾದ್ದು ತಿನ್ನಲಿ

ಹುಬ್ಬಳ್ಳಿ ದವಾಖಾನೆಯ ಡಾಕ್ಟರ್ ಬಾಯಾರು ಅರ್ಧ ತಾಸು ಮಾತಾಡಿದ್ದರು. ಅದರಲ್ಲಿ ಬಸ್ಸು ಹತ್ತಿ ತಮ್ಮೂರು ಮಿಶ್ರಿಕೋಟಿಯ ತನಕ ಬಂದದ್ದು ಮೂರೇ ಮಾತು. ಆಪರೇಶನ್ ಬ್ಯಾಡ. ಮನಿಗೆ ಕರಕೊಂಡು ಹೋಗ್ರಿ. ಏನ್ ಬೇಕಾದ್ದು ತಿನ್ನಲಿ.

ಆ ಮಾತು ಹೊತ್ತು ತಂದವರು ಮಡಿವಾಳೆಪ್ಪ. ಸುಶೀಲವ್ವನ ತೀರಿಕೊಂಡ ಗಂಡನ ಅಣ್ಣ, ಮನೆಗೆ ಹಿರಿಯ, ಊರಿನ ಅರ್ಧ ಮಂದಿಯನ್ನು ಮಣ್ಣಿಗೆ ಮುಟ್ಟಿಸಿ ಬಂದ ಅನುಭವಸ್ಥ. ಮೊದಲಿನ ಎರಡು ಮಾತಿಗೆ ಅವರು ಅಷ್ಟೇನೂ ಅಂಜಿರಲಿಲ್ಲ. ಅಂಜಿಸಿದ್ದು ಮೂರನೆಯದು. "ಪಥ್ಯ ಏನ್ರಿ ಬಾಯಾರ?" ಅಂತ ಅವರೇ ಕೇಳಿದ್ದರು. ಕೇಳದೆ ಬರಲಿಕ್ಕಾಗುತ್ತದೆಯೇ? ನಮ್ಮ ಕಡೆ ನೆಗಡಿ ಬಂದರೆ ಮಜ್ಜಿಗೆ ಬಂದ್, ಹುಣ್ಣಾದರೆ ಬದನೆಕಾಯಿ ಬಂದ್, ಮೊಣಕಾಲು ಹಿಡಿದರೆ ಆಲೂಗಡ್ಡೆ ಬಂದ್. ಏನನ್ನಾದರೂ ಬಂದ್ ಮಾಡಿದರೆ ಡಾಕ್ಟರಿಗೆ ಇನ್ನೂ ಆಸೆ ಇದೆ ಅಂತ ಲೆಕ್ಕ. ಈ ಬಾಯಾರು ಮಾತ್ರ ನಕ್ಕೊಂತ, "ಪಥ್ಯ ಏನಿಲ್ಲ ಯಜಮಾನ್ರೇ, ಏನು ಬೇಕಾದ್ದು ತಿನ್ನಲಿ" ಅಂದುಬಿಟ್ಟರು. ಮಡಿವಾಳೆಪ್ಪನವರು ಛತ್ರಿ ಎತ್ತಿಕೊಂಡು ಹೊರಗೆ ಬಂದರು. ಹದಿನೈದು ವರ್ಷದ ಹಿಂದೆ ಅವರಪ್ಪನಿಗೂ ಹಿಂಗೇ ಅಂದಿದ್ದರು. ಅಪ್ಪ ಎರಡು ದಿನ ಸಿಹಿ ಮಂಡಗಿ ತಿಂದ, ಮೂರನೇ ದಿನ ಕಣ್ಣು ಮುಚ್ಚಿದ.

ಆ ಹೊತ್ತಿನಲ್ಲಿ ಸುಶೀಲವ್ವನ ಮಗ ಸುಭಾಸ ಕೆಳಗೆ ಗುಳಿಗೆ ಅಂಗಡಿಯ ಮುಂದೆ ಪಾಳಿ ಹಚ್ಚಿ ನಿಂತಿದ್ದ. ದೊಡ್ಡಪ್ಪ ಬಂದು ಅವನನ್ನು ಬಾಜೂಕ ಕರೆದು, ಕಿವಿಯಲ್ಲಿ ಆ ಮೂರು ಮಾತು ಉಸುರಿದರು. ಸುಭಾಸನಿಗೆ ಇಪ್ಪತ್ಮೂರು ವರ್ಷ. ಒಂಬತ್ತನೇ ಇಯತ್ತೆಯಲ್ಲಿ ಮಾಸ್ತರ ಕೈಯೊಳಗಿನ ಬೆತ್ತ ಕಸಿದು ಮುರಿದು ಸಾಲಿಯಿಂದ ಹೊರಗೆ ಬಂದವನು, ಮತ್ತೆ ಒಳಗೆ ಹೋಗಿರಲಿಲ್ಲ. ಟ್ರ್ಯಾಕ್ಟರ್ ಚಾಲೂ ಆಗಬೇಕಾದರೆ ಚಾವಿ ಬೇಕು, ಸುಭಾಸನ ಸಿಟ್ಟಿಗೆ ಅದೂ ಬೇಡ ಅಂತ ಊರ ಮಂದಿ ಅನ್ನುತ್ತಿದ್ದರು. ಅವತ್ತು ಆ ಸಿಟ್ಟು ಎತ್ತ ಹೋಗಬೇಕೋ ತಿಳಿಯದೆ ಯಾರದೋ ಮೋಟಾರ್ ಸೈಕಲ್ಲಿನ ಗಾಲಿಗೆ ಒದ್ದ. ಮೋಟಾರ್ ಸೈಕಲ್ ಕದಲಲಿಲ್ಲ. ಬೆರಳು ಬಾತುಕೊಂಡಿತು.

ಬಸ್ಸಿನಲ್ಲಿ ಇಬ್ಬರು ಗಂಡಸರೂ ಹೊರಗೆ ನೋಡುತ್ತ ಕೂತರು. ಸುಶೀಲವ್ವ ಕಿಟಕಿ ಬಾಜೂಕ ಕೂತು ಹುರಿದ ಶೇಂಗಾ ಸುಲಿದು ತಿಂದಳು. ಡಾಕ್ಟರ್ ಏನಂದರು ಅಂತ ಅವಳನ್ನು ಯಾರೂ ಕೇಳಲಿಲ್ಲ.

ಎದೆಯಲ್ಲಿ ಗಂಟು ಕಾಣಿಸಿ ಒಂದೂವರೆ ವರ್ಷವಾಗಿತ್ತು. ಹೇಳುವುದಾದರೂ ಯಾರ ಮುಂದೆ? ಮನೆಯಲ್ಲಿ ಇದ್ದವರು ಭಾವ ಮತ್ತು ಮಗ. ಭಾವನ ಮುಂದೆ ಆಕೆ ಮದುವೆಯಾಗಿ ಬಂದಂದಿನಿಂದ ಸೆರಗು ಸರಿಸಿದವಳಲ್ಲ, ಮುಖ ಕೊಟ್ಟು ಒಂದು ಮಾತು ಆಡಿದವಳಲ್ಲ. ಮಗನ ಮುಂದೆ ಇಂಥದ್ದನ್ನು ಹೇಳುವುದು ಹೇಗೆ? ಗಂಟನ್ನು ರವಿಕೆಯೊಳಗೇ ಇಟ್ಟುಕೊಂಡಳು. ಬೆನ್ನು ನೋವು ಶುರುವಾದಾಗ ನರ ತಿಕ್ಕುವವನ ಹತ್ತಿರ ಮೂರು ತಿಂಗಳು ತಿಕ್ಕಿಸಿಕೊಂಡಳು. ಒಂದು ಮುಂಜಾನೆ ಒಲೆ ಮುಂದಿನಿಂದ ಏಳಲಿಕ್ಕಾಗದೆ ಕೂತಲ್ಲೇ ಉಳಿದಾಗ ಎಲ್ಲ ಹೊರಗೆ ಬಿತ್ತು. ಅಷ್ಟರಲ್ಲಿ ಅದು ಎದೆ ದಾಟಿ ಬೆನ್ನೆಲುಬಿಗೂ ಸೊಂಟಕ್ಕೂ ಹೋಗಿ ಕೂತಿತ್ತು. ಸುಭಾಸ ಮೊದಲು ನರ ತಿಕ್ಕುವವನ ಮನೆಗೆ ಹೋಗಿ ಜಗಳ ಮಾಡಿ ಬಂದ. ಆಮೇಲೆ ತನ್ನ ಮೇಲೆ ತಾನೇ ಸಿಟ್ಟಾದ. ಒಂದೇ ಮನೆಯಲ್ಲಿದ್ದು, ಎರಡು ಹೊತ್ತು ಅವಳ ಕೈಯ ರೊಟ್ಟಿ ತಿಂದು, ಅವಳು ಕೊಡ ಎತ್ತುವಾಗ ಹಲ್ಲು ಕಚ್ಚುವುದು ತನಗೆ ಕಾಣಲಿಲ್ಲವಲ್ಲ!

ಹುಬ್ಬಳ್ಳಿಯಿಂದ ಬಂದ ಮರುದಿನವೇ ಮನೆಗೆ ಡಬ್ಬಿಗಳು ಬರಲು ಶುರುವಾದವು. ಹೋಗುವ ಜೀವದ ಬಾಯಿ ಆಸೆ ಉಳಿಯಬಾರದು ಅನ್ನುವುದು ಊರಿನ ರೂಢಿ. ಮಡಿವಾಳೆಪ್ಪನವರು ಒಬ್ಬಿಬ್ಬರ ಮುಂದೆ ಅಂದಿದ್ದರು, ಅದು ಊರೆಲ್ಲ ಆಗಿತ್ತು.

ಸಾಲಿ ಕಲಿಸಿ ನಿವೃತ್ತಿಯಾದ ದ್ವಾರಕಾಬಾಯಿ ಹೂರಣದ ಹೋಳಿಗೆ ತಂದು, ಮೂಗು ಒರೆಸಿಕೊಂಡು, "ಇನ್ನೂ ಏನ್ ತಿನ್ನಬೇಕನಸ್ತದ ಹೇಳವಾ ಸುಶೀಲಾ, ಸಂಕೋಚ ಮಾಡಬ್ಯಾಡ" ಅಂದರು.

"ಹಂಗಂದ್ರ ಬಾಯಾರ, ನಿಮ್ಮ ಕೈಯಾನ ಚಕ್ಕಲಿ ಛಲೋ ಇರತಾವ" ಅಂದಳು ಸುಶೀಲವ್ವ, ಬಾಯಿಯಲ್ಲಿ ಹೋಳಿಗೆ ಇಟ್ಟುಕೊಂಡೇ.

ಚಕ್ಕಲಿ ಬಂತು. ಬಾಜೂ ಮನೆಯಿಂದ ಎಣ್ಣೆಗಾಯಿ ಬಂತು. ಹಾಲು ಹಾಕುವ ಮನೆಯಿಂದ ಗಿಣ್ಣ ಬಂತು. ಯಾರೋ ಧಾರವಾಡದಿಂದ ಪೇಡೆ ತರಿಸಿ ಕೊಟ್ಟರು. ಎಲ್ಲರೂ ಬಂದು ಕೂತು, ನಿಟ್ಟುಸಿರು ಬಿಟ್ಟು, ಗೋಡೆಯ ಮೇಲಿನ ಗಂಡನ ಫೋಟೋವನ್ನೊಮ್ಮೆ ಇವಳನ್ನೊಮ್ಮೆ ನೋಡಿ ಹೋಗುವರು.

"ಮೂವತ್ತು ವರ್ಷ ಆತು ನಾ ಈ ಊರಿಗೆ ಬಂದು" ಅಂತ ಸುಶೀಲವ್ವ ಮಗನಿಗೆ ಹೇಳಿದಳು. "ಇಷ್ಟು ಛಲೋ ಮಂದಿ ಅಂತ ಗೊತ್ತ ಇದ್ದಿಲ್ಲ ನೋಡಲೇ. ಪೇಡೆ ತಿನ್ನು, ಬಾ."

ಸುಭಾಸ ತಿನ್ನಲಿಲ್ಲ. ಬಾಗಿಲಿಗೆ ಒದ್ದು ಹೊರಗೆ ಹೋದ.

ಅದೇ ವಾರ ಮೃಗಶಿರಾ, ಅಂದರೆ ಮಿರಗದ ಮಳೆ ಅಗದಿ ಹದವಾಗಿ ಬಿತ್ತು. ಊರೆಲ್ಲ ಹೊಲಕ್ಕೆ ಹೊರಟಿತು. ಸುಭಾಸ ಟ್ರ್ಯಾಕ್ಟರಿಗೆ ಕೂರಿಗೆ ಹೂಡಿ, ಅದರ ಡಬ್ಬಿಗೆ ಸೋಯಾ ಬೀಜ ತುಂಬಿ ಬಿತ್ತಲಿಕ್ಕೆ ಹತ್ತಿದ. ಮಡಿವಾಳೆಪ್ಪನವರು ಬದುವಿನ ಮೇಲೆ ಛತ್ರಿ ಊರಿಕೊಂಡು ನಿಂತಿದ್ದರು. ಸಾಲು ಹಿಡಿದು ಹಿಡಿದು ಬೇವಿನ ಗಿಡದ ಮೂಲೆಗೆ ಬಂದಾಗ ಕೈ ಎತ್ತಿ ನಿಲ್ಲಿಸಿದರು. ಆ ಮೂಲೆಯಲ್ಲಿ ಸುಭಾಸನ ಅಪ್ಪನ ಸಮಾಧಿ ಇತ್ತು.

"ಈ ಮೂಲಿ ಬಿಡು. ಹತ್ತಾಳು ನಿಂದ್ರೋ ಅಷ್ಟು ಬಿಡು."

"ಯಾಕ?"

ದೊಡ್ಡಪ್ಪ ಛತ್ರಿಯ ತುದಿ ನೋಡಿದರು. "ಬೆಳಿ ಎದ್ದ ಮ್ಯಾಲ ಮಂದಿ ಬಂದು ತುಳದು ಹಾಳಾಗೂದು ಬ್ಯಾಡ."

ಸುಭಾಸನಿಗೆ ಟ್ರ್ಯಾಕ್ಟರನ್ನು ದೊಡ್ಡಪ್ಪನ ಛತ್ರಿಯ ಮೇಲೆಯೇ ಹಾಯಿಸಬೇಕು ಅನ್ನಿಸಿತು. ಆದರೆ ಕೈ ತಾನಾಗಿ ಹೋಗಿ ಕೂರಿಗೆ ಎತ್ತಿತು. ಮೂಲೆ ಬಿಟ್ಟು ಗಾಡಿ ತಿರುವಿದ. ತಿರುವಿದ ಮೇಲೆ ಹಿಂದೆ ನೋಡಲಿಲ್ಲ. ಮೇಲಿನ ಪಟ್ಟಿ ಇನ್ನೂ ಉಳಿದಿತ್ತು. ಚಹಾ ಕುಡಿದು ಬರುತ್ತೇನೆ ಅಂತ ಟ್ರ್ಯಾಕ್ಟರ್ ಅಲ್ಲೇ ಬಿಟ್ಟು ಮನೆಗೆ ಬಂದ.

ಚಹಾ ಬಸಿ ಕೈಯಲ್ಲಿ ಹಿಡಿದಿದ್ದಾಗ ಖಾಸಿಂಬಿ ಬಂದಳು. ಸುಶೀಲವ್ವನ ಮದುವೆಯ ವರ್ಷವೇ ಈ ಊರಿಗೆ ಸೊಸೆಯಾಗಿ ಬಂದವಳು. ಇಬ್ಬರೂ ಒಂದೇ ಹೊಲದಲ್ಲಿ ಕಳೆ ತೆಗೆದು, ಒಂದೇ ಬುತ್ತಿ ಉಂಡು ಬೆಳೆದ ಸಲಿಗೆ. ಅವಳ ಕೈಯಲ್ಲಿ ಡಬ್ಬಿ ಇರಲಿಲ್ಲ.

"ಅಲ್ಲಬೇ ಸುಶೀಲಾ" ಅಂದಳು ಹೊಸ್ತಿಲಲ್ಲೇ ನಿಂತು, "ನೀ ಸಾಯಾಕತ್ತೀಯಂತ, ನನಗೊಂದು ಮಾತು ಹೇಳಬಾರದೇನು?"

ಸುಶೀಲವ್ವ ಚಕ್ಕಲಿ ಮುರಿಯುತ್ತಿದ್ದವಳು ಕೈ ನಿಲ್ಲಿಸಿದಳು.

"ಯಾರಂದ್ರು?"

"ಯಾರಂದ್ರು ಅಂತೀಯಲ್ಲ! ಊರ ಅನ್ನಾಕತ್ತೈತಿ. ಡಾಕ್ಟರ್ ಕೈ ಬಿಟ್ಟಾರಂತ, ಏನ್ ಬೇಕಾದ್ದು ತಿನ್ನಸ್ರಿ ಅಂದಾರಂತ."

ಸುಶೀಲವ್ವ ಚಕ್ಕಲಿಯ ಡಬ್ಬಿ ನೋಡಿದಳು. ಪೇಡೆಯ ಪೊಟ್ಟಣ ನೋಡಿದಳು. ಗಿಣ್ಣದ ಪಾತ್ರೆ ನೋಡಿದಳು. ಒಂದೊಂದಾಗಿ ಲೆಕ್ಕ ಹತ್ತಿದ ಹಾಗೆ ಅವಳ ಹುಬ್ಬು ಮೇಲೇರಿತು.

"ಅದಕ್ಕ ಹೋಳಿಗಿ!" ಅಂದಳು. ಆಮೇಲೆ ನಗು ಒತ್ತಿಕೊಂಡು ಬಂತು. ಬೆನ್ನು ನೋಯುತ್ತದೆ ಅಂತ ಗೋಡೆ ಹಿಡಿದು ನಕ್ಕಳು. "ದ್ವಾರಕಾಬಾಯಾರು ತುಪ್ಪ ಹಾಕಿದ್ದು ನೋಡಬೇಕಿತ್ತು ನೀ. ಸಾಯೋರಿಗೆ ಅಷ್ಟು ಕೈ ಹಿಡದು ಹಾಕ್ತಾರೇನಬೇ?"

"ನಗಬ್ಯಾಡ" ಅಂದಳು ಖಾಸಿಂಬಿ. "ನಿನಗ ಜಾಗಾನೂ ಬಿಟ್ಟಾರ. ಈಗ ಬಾಜೂ ಹೊಲದಿಂದ ಬಂದೆ, ಕಣ್ಣಾರೆ ನೋಡೀನಿ. ಸುತ್ತೆಲ್ಲಾ ಬಿತ್ಯಾರ, ನಿನ್ನ ಗಂಡನ ಮಗ್ಗಲದ ಮೂಲಿ ಒಂದ ಖಾಲಿ ಇಟ್ಟಾರ."

ನಗು ಅಲ್ಲೇ ನಿಂತಿತು.

"ಸುಭಾಸಾ, ಬಿತ್ತಿದವ ಯಾರೋ?"

ಸುಭಾಸ ಬಸಿ ಕೆಳಗಿಟ್ಟ. "ನಾ."

ಸುಶೀಲವ್ವ ಚಪ್ಪಲಿ ಹುಡುಕಿದಳು. "ನಡಿ ಹೊಲಕ್ಕ. ಗಾಡಿ ಬ್ಯಾಡ, ಸೊಂಟಕ್ಕ ಧಕ್ಕಿ ಬಡಿಬಾರದು ಅಂದಾರ. ನಡಕೋಂತ ಹೋಗೂಣು."

ಮೂವರೂ ಹೊರಟರು. ಹತ್ತು ನಿಮಿಷದ ದಾರಿಗೆ ಅರ್ಧ ತಾಸು ಹಿಡಿಯಿತು. ಸುಶೀಲವ್ವ ನಡುವೆ ನಡುವೆ ನಿಂತು, ಸೊಂಟದ ಮೇಲೆ ಕೈ ಊರಿ, ಉಸಿರು ತೆಗೆದುಕೊಳ್ಳುವಳು. ಹಳ್ಳದ ಸೇತುವೆಯ ಕಟ್ಟೆ ಬಂದಾಗ ಕೂತೇಬಿಟ್ಟಳು. ಅಷ್ಟು ಹೊತ್ತಿಗೆ ಸುಭಾಸ ಸೋತಿದ್ದ. ಹುಬ್ಬಳ್ಳಿಯಿಂದ ಬಂದಂದಿನಿಂದ ಕೇಳದೆ ಇಟ್ಟುಕೊಂಡಿದ್ದ ಮಾತು ಬೈಗುಳದ ಹಾಗೆ ಹೊರಗೆ ಬಂತು.

"ಡಾಕ್ಟರ್ ಏನಂದ್ಲು ನಿನಗ? ಖರೇ ಹೇಳು!"

"ಅಬ್ಬಾ, ಕೇಳಿದೆಲ್ಲೋ! ಆವತ್ತಿಂದ ನೀವಿಬ್ಬರೂ ಗಂಡಸರು ಗೋಡಿ ನೋಡಕೋಂತ ಕುಂತೀರಿ. ನಿಮ್ಮ ದೊಡ್ಡಪ್ಪಾರು ಪಥ್ಯ ಒಂದು ಕೇಳಿ ಹೊರಗ ಓಡಿದ್ರು. ಆಮ್ಯಾಲ ಸೂಜಿ ಮಾಡಾಕ ನನ್ನ ಒಳಗ ಕರದು, ಬಾಯಾರು ಬಾಜೂಕ ಕುಂತು ಎಲ್ಲಾ ಹೇಳಿದ್ರು. ನಾ ಮೂರು ಸರತಿ ಕೇಳಿದೆ, ಮೂರು ಸರತಿನೂ ಹೇಳಿದ್ರು."

"ಏನಂತ?"

"ಹೊಲದಾಗ ಕರಕಿ ಹುಲ್ಲ ನೋಡೀಯಿಲ್ಲೋ? ಅದರ ಬೇರು ಆಳಕ್ಕ ಇಳದ ಮ್ಯಾಲ ಪೂರ್ತಿ ಹೋಗಂಗಿಲ್ಲ. ಇದೂ ಹಂಗ ಆಗೇತಿ. ಎದಿಯಿಂದ ಎಲುಬಿಗೆ ಇಳದೈತಿ. ಈಗ ಎದಿ ಕೊಯ್ದ್ರ ಏನೂ ಉಪಯೋಗಿಲ್ಲ, ಅದಕ್ಕ ಆಪರೇಶನ್ ಬ್ಯಾಡ ಅಂದ್ರು. ಆದ್ರ ಚಿಗಿಯದಂಗ ನೋಡಕೋಬಹುದಂತ. ದಿನಾ ಒಂದು ಗುಳಿಗಿ. ಇನ್ನೊಂದು ಗುಳಿಗಿ ಮೂರು ವಾರ ತೊಗೊಂಡು ಒಂದು ವಾರ ಸೂಟಿ. ಎಲುಬು ಗಟ್ಟಿ ಇರಾಕ ತಿಂಗಳಿಗೊಂದು ಸೂಜಿ. ಮೂರು ತಿಂಗಳಿಗೊಮ್ಮೆ ಒಳಗಿನ ಫೋಟೋ ತಗದು ನೋಡ್ತಾರ. ಈ ಗುಳಿಗಿ ನಡೀಲಿಲ್ಲಾಂದ್ರ ಬ್ಯಾರೇದು ಕೊಡ್ತಾರ. ಭಾರ ಎತ್ತಬಾರದು, ಬೀಳಬಾರದು. ನೋವು ಹೆಚ್ಚಾದ್ರ ಸುಮ್ನ ಕುಂದ್ರಬಾರದು, ಹೇಳಬೇಕು."

"ಹಂಗಾದ್ರ ನೀ ಸಾಯೂದಿಲ್ಲೇನು?"

"ಸಾಯ್ತೀನೋ" ಅಂದಳು ಸುಶೀಲವ್ವ, ಎಮ್ಮೆ ಇವತ್ತು ಹಾಲು ಕಡಿಮೆ ಕೊಟ್ಟಿತು ಅಂದ ಹಾಗೆ. "ಇದರಿಂದನ ಸಾಯಬಹುದು. ಆದ್ರ ಈ ವಾರ ಅಲ್ಲ. ಮುಂದಿನ ವಾರಾನೂ ಅಲ್ಲ, ಚಕ್ಕಲಿ ಇನ್ನೂ ಅದಾವ."

"ಎಷ್ಟು ವರ್ಷ ಅಂದ್ರು?"

"ಗೊತ್ತಿಲ್ಲ ಅಂದ್ರು. ಕೆಲವರು ಎರಡು ವರ್ಷ, ಕೆಲವರು ಐದಾರು, ಇನ್ನೂ ಹೆಚ್ಚು ಇದ್ದೋರೂ ಅದಾರಂತ. ನನ್ನ ಹೆಸರಿಗೆ ಎಷ್ಟು ಅಂತ ಯಾರಿಗೂ ಹೇಳಾಕ ಆಗೂದಿಲ್ಲಂತ. ಗೊತ್ತಿಲ್ಲ ಅಂತ ಮುಖಾ ನೋಡಿ ಹೇಳಿದ್ರು, ಅದಕ್ಕ ನನಗ ಆಕಿ ಸೇರಿದ್ಲು."

ಸುಭಾಸನಿಗೆ ಅಳಬೇಕೋ ಬೈಯಬೇಕೋ ತಿಳಿಯಲಿಲ್ಲ. ಸಾಯುತ್ತಾಳೆ ಅಂದರೆ ಒಂದು, ಸಾಯುವುದಿಲ್ಲ ಅಂದರೆ ಒಂದು. ಇದ್ಯಾವುದು ನಡುವೆ? ಹಿಂಗೆ ನಡುವೆ ನಿಲ್ಲುವುದು ಅವನ ಜಾಯಮಾನದಲ್ಲೇ ಇರಲಿಲ್ಲ.

"ಮೊದಲ ಯಾಕ ಹೇಳಲಿಲ್ಲಬೇ!" ಅಂತ ಒದರಿದ.

"ಯಾವಾಗ ಹೇಳಲಿ? ನೀ ಬಾಗಲಾ ಒದಿಯೋ ಮುಂದೋ, ಒದ್ದ ಮ್ಯಾಲೋ?"

ಖಾಸಿಂಬಿ ಮುಖ ಆ ಕಡೆ ತಿರುಗಿಸಿ ಸೆರಗಿನಲ್ಲಿ ಕಣ್ಣು ಒರೆಸಿಕೊಂಡಳು. ಆಮೇಲೆ, "ಹಂಗಾದ್ರ ನಾ ಏನೂ ತರದ ಬಂದಿದ್ದು ಛಲೋನ ಆತು" ಅಂದಳು.

"ಏನ್ ಛಲೋ? ಶಾವಿಗಿ ಸುರಕುಂಬಾ ತರಬೇಕಿತ್ತು. ಸುದ್ದಿ ಸುಳ್ಳಾದ್ರ ಊಟಾನೂ ಸುಳ್ಳೇನು?"

ಹೊಲದಲ್ಲಿ ಮಡಿವಾಳೆಪ್ಪನವರು ಮೋಡ ನೋಡುತ್ತ ನಿಂತಿದ್ದರು. ದೂರದಿಂದ ಸುಶೀಲವ್ವನನ್ನು ಕಂಡು ಗಾಬರಿಯಾಗಿ ನಾಲ್ಕು ಹೆಜ್ಜೆ ಮುಂದೆ ಬಂದರು, ತಮ್ಮನ ಹೆಂಡತಿ ಅಂತ ನೆನಪಾಗಿ ಎರಡು ಹೆಜ್ಜೆ ಹಿಂದೆ ಸರಿದರು. ಸುಶೀಲವ್ವ ಸೆರಗು ಹಣೆಯ ಮೇಲೆ ಎಳೆದುಕೊಂಡು, ಬೇವಿನ ಗಿಡದ ಬುಡಕ್ಕೆ ಹೋಗಿ ಆ ಮೂಲೆಯನ್ನು ಉದ್ದಕ್ಕೂ ಅಗಲಕ್ಕೂ ನೋಡಿದಳು. ಸುತ್ತ ಕೂರಿಗೆಯ ಸಾಲು ಬಾಚಣಿಕೆ ಎಳೆದ ಹಾಗೆ. ನಡುವೆ ಈ ಖಾಲಿ ತುಂಡು.

"ಸುಭಾಸಾ, ನಿಮ್ಮ ದೊಡ್ಡಪ್ಪಾರಿಗೆ ಕೇಳು. ಇದೇನು?"

ದೊಡ್ಡಪ್ಪ ಆರು ಅಡಿ ದೂರದಲ್ಲಿದ್ದರು. ಹುಟ್ಟಿದಾಗಿನಿಂದ ಸುಭಾಸನ ದೊಡ್ಡ ಕೆಲಸ ಇದೇ ಆಗಿತ್ತು, ಇವರ ಮಾತು ಅವರಿಗೆ, ಅವರ ಮಾತು ಇವರಿಗೆ. "ಇದೇನಂತ ಕೇಳ್ತಾಳ."

ಮಡಿವಾಳೆಪ್ಪನವರು ಬದುವಿನ ಕಡೆ ಮುಖ ತಿರುಗಿಸಿದರು. "ಗಾಡಿ ತಿರವಾಕ ಜಾಗಾ ಬಿಟ್ಟೀವಿ ಅನ್ನು."

"ಮೂವತ್ತು ವರ್ಷದಾಗ ಇಲ್ಲೆ ಗಾಡಿ ತಿರವಿದ್ದಿಲ್ಲ ಅನ್ನು. ಜಾಗಾ ಸಣ್ಣದಾತು ಅಂತನೂ ಅನ್ನು. ನಿಮ್ಮಪ್ಪನ ಮಗ್ಗಲದಾಗ ನನ್ನ ಕೂಡ್ರಸೋರು ಅದಾರಲ್ಲ, ಆ ಮನಷಾನ ಗೊರಕಿ ಇಪ್ಪತ್ತು ವರ್ಷ ಕೇಳೀನಿ. ಕೂಡ್ರಿಸಿ ಮಣ್ಣು ಕೊಟ್ಟಾರಂತ ಗೊರಕಿ ನಿಂತಿರತೈತೇನು? ನಾಕು ಮಾರು ದೂರ ಬಿಡಬೇಕಿತ್ತು."

ಖಾಸಿಂಬಿ ಫಕ್ಕನೆ ನಕ್ಕಳು. ಮಡಿವಾಳೆಪ್ಪನವರ ಮುಖ ಕಪ್ಪಿಟ್ಟಿತು. ಸುಭಾಸ ಆ ಮಾತನ್ನು ದಾಟಿಸುವ ಬದಲು ಡಾಕ್ಟರ್ ಹೇಳಿದ್ದನ್ನೆಲ್ಲ ಒಂದೇ ಉಸಿರಿನಲ್ಲಿ ಅವರ ಮುಖದ ಮೇಲೆ ಎಸೆದ. ಕರಕಿ, ಗುಳಿಗೆ, ಸೂಟಿ, ಸೂಜಿ, ಫೋಟೋ, ಎರಡು ವರ್ಷ, ಐದಾರು ವರ್ಷ, ಗೊತ್ತಿಲ್ಲ. ಕೊನೆಗೆ, "ಪೂರ್ತಿ ಕೇಳದ ಓಡಿ ಬಂದಿ ನೀ! ಕೇಳದ ಮೂಲಿ ಬಿಟ್ಟೆ ನಾ!" ಅಂದ.

ಮುದುಕ ಛತ್ರಿಯನ್ನು ಮಣ್ಣಿಗೆ ಊರಿ, ತೆಗೆದು, ಮತ್ತೆ ಊರಿದರು.

"ನನಗೇನ್ ಅವಸರ ಇತ್ತೇನಲೇ? ನಿಮ್ಮಪ್ಪ ಹೋದಾಗ ಇಲ್ಲೆ ಎದಿಮಟ ಜ್ವಾಳ ನಿಂತಿತ್ತು. ತೆನಿ ಹಾಲ ತುಂಬಿತ್ತು. ಅವನ ಕೈಲೆ ಬಿತ್ತಿದ ಜ್ವಾಳ. ಅದನ್ನ ಕೊಯ್ದು ಹಾಕಿ ಕುಣಿ ತೋಡಿಸಿದೆ. ಇನ್ನೊಮ್ಮಿ ಆ ಕೆಲಸಾ ನನ್ನ ಕೈಲೆ ಆಗೂದಿಲ್ಲ. ಅದಕ್ಕ ಬಿಡು ಅಂದೆ."

ಸುಶೀಲವ್ವ ಸೆರಗಿನೊಳಗಿಂದ ಭಾವನ ಪಾದದ ಕಡೆ ನೋಡಿದಳು. ಅವಳ ದನಿ ಸ್ವಲ್ಪ ಇಳಿಯಿತು.

"ಹದ ಹೋಗಾಕತ್ತೈತಿ ಅನ್ನು. ಇವತ್ತ ಬಿತ್ತಬೇಕು ಅನ್ನು."

ಮಡಿವಾಳೆಪ್ಪನವರು ಹೂಂ ಅಂತ ತಲೆಯಾಡಿಸಿದರು. ಆದರೆ ರೈತ ರೈತನೇ. ಕಣ್ಣು ಒರೆಸಿದ ಕೈಯಲ್ಲೇ ಬೆರಳು ಮಡಚಲು ಶುರು ಮಾಡಿದರು. "ಆತು. ಮೂಲಿ ಅಷ್ಟಕ್ಕ ಹೆಸರುಕಾಳು ಹಾಕೂಣು ಅನ್ನು. ಎಪ್ಪತ್ತು ದಿನಕ್ಕ ಕೈಗೆ ಬರತೈತಿ."

"ಎಪ್ಪತ್ತ!" ಸುಶೀಲವ್ವನ ದನಿ ಮತ್ತೆ ಏರಿತು. "ನನ್ನ ಗುಳಿಗಿನ ಅದಕ್ಕಿಂತ ಹೆಚ್ಚು ದಿನದ್ದು ಅದಾವ ಅನ್ನು. ತೊಗರಿ ಹಾಕ್ರಿ ಅನ್ನು."

"ತೊಗರಿ ಆರೇಳು ತಿಂಗಳು. ನಡುವ ಏನರ ಆದ್ರ? ಗೋವಿನಜ್ವಾಳ ಅಂದ್ರ ನಾಕು ತಿಂಗಳು, ಕೇಳು."

"ಕಬ್ಬು ಹಚ್ಚಲಿ ಅನ್ನು! ಕೊಯ್ದ ಮ್ಯಾಲ ಚಿಗತ ಎರಡು ಕೂಳಿ ಬೆಳಿನೂ ಬರಲಿ!"

"ನೀರೆಲ್ಲಿ ಐತಿ ಕಬ್ಬಿಗೆ, ಕೇಳು ಆಕಿನ್ನ!"

ಸಂತೆಯಲ್ಲಿ ಎಮ್ಮೆ ವ್ಯಾಪಾರ ಮಾಡಿದ ಹಾಗೆ ಇಬ್ಬರೂ ಅವಳ ಆಯುಷ್ಯದ ಚೌಕಾಶಿ ನಡೆಸಿದರು. ನಡುವೆ ಸುಭಾಸ. ಹೆಸರು ಅಂದರೆ ಆಚೆ ತಿರುಗಬೇಕು, ತೊಗರಿ ಅಂದರೆ ಈಚೆ ತಿರುಗಬೇಕು. ಕೊನೆಗೆ ಅವನ ತಲೆ ಕೆಟ್ಟಿತು.

"ಸಾಕು ಮಾಡ್ರಿ!" ಅಂತ ಒದರಿದ. ಬೇವಿನ ಗಿಡದ ಕಾಗೆಗಳು ಎದ್ದವು. "ಎಷ್ಟು ದಿನಾ ಅಂತ ಆ ಡಾಕ್ಟರಿಗೇ ಗೊತ್ತಿಲ್ಲ. ನಿಮಗಿಬ್ಬರಿಗೆ ಹೆಂಗ ಗೊತ್ತು? ಹೆಸರಿಗೆ ಗೊತ್ತೈತೇನು? ತೊಗರಿಗೆ ಗೊತ್ತೈತೇನು?" ಟ್ರ್ಯಾಕ್ಟರಿನ ಗಾಲಿ ಕಾಣಿಸಿತು. ಒದೆಯಲು ಕಾಲೆತ್ತಿದವನು ಹಾಗೇ ಇಳಿಸಿದ.

ಸುಶೀಲವ್ವ ಹತ್ತಿರ ಬಂದು ಮಗನ ಅಂಗಿಯ ತೋಳಿನ ಮಣ್ಣು ಜಾಡಿಸಿದಳು. "ಡಬ್ಬ್ಯಾಗ ಏನೈತಿ?"

"ಸೋಯಾ."

"ಹೊಲಕ್ಕೆಲ್ಲಾ ಏನ್ ಹಾಕೀದಿ?"

"ಸೋಯಾ."

"ಮತ್ತ ಇದಕ್ಕ ಯಾಕ ಬ್ಯಾರೆ? ನನ್ನ ನೋಡಿ ಬಿತ್ತಬ್ಯಾಡೋ. ಹದಾ ನೋಡಿ ಬಿತ್ತು."

ಸುಭಾಸ ಟ್ರ್ಯಾಕ್ಟರ್ ಹತ್ತಿದ. ಮಡಿವಾಳೆಪ್ಪನವರು ಅಡ್ಡ ಬರಲಿಲ್ಲ. ಮುಂದೆ ಮುಂದೆ ಹೋಗಿ, ಗಾಲಿಗೆ ಸಿಗಬಾರದು ಅಂತ ಬೇವಿನ ಒಣಗಿದ ಟೊಂಗೆಗಳನ್ನು ತಾವೇ ಎತ್ತಿ ಬದುವಿಗೆ ಒಗೆದರು. ಕೂರಿಗೆ ಇಳಿಯಿತು. ಅಪ್ಪನ ಸಮಾಧಿಯ ಕಲ್ಲಿಗೆ ಒಂದು ಗೇಣು ಬಿಟ್ಟು ಮೊದಲ ಸಾಲು, ಅದರ ಮಗ್ಗಲಿಗೆ ಎರಡನೆಯದು. ನಾಲ್ಕು ಸುತ್ತಿಗೆ ಮೂಲೆ ಮುಗಿಯಿತು. ಇಳಿದು ನೋಡಿದರೆ ಯಾವುದು ಮೊದಲು ಬಿತ್ತಿದ್ದು, ಯಾವುದು ಆಮೇಲೆ ಬಿತ್ತಿದ್ದು ಅಂತ ಅವನಿಗೇ ಗೊತ್ತಾಗಲಿಲ್ಲ.

ಸುಶೀಲವ್ವ ಬದುವಿನ ಮೇಲೆ ಕೂತಿದ್ದಳು. ನೋವು ಬಂದಿತ್ತು. ತುಟಿ ಬಿಳಿಚಿತ್ತು. ಮೊದಲಾಗಿದ್ದರೆ ಸೆರಗು ಕಚ್ಚಿ ಮುಚ್ಚಿಡುತ್ತಿದ್ದಳು. "ಸೊಂಟಾ ಭಾಳ ನೋಯಾಕತ್ತೈತೋ" ಅಂದಳು. ಖಾಸಿಂಬಿ ಬೆನ್ನಿಗೆ ತನ್ನ ಹೆಗಲು ಕೊಟ್ಟಳು. ದವಾಖಾನೆಯವರು ಬರೆದುಕೊಟ್ಟ ನೋವಿನ ಗುಳಿಗೆಯನ್ನು ಸುಶೀಲವ್ವ ಎಲೆ ಅಡಿಕೆಯ ಸಂಚಿಯಿಂದ ತೆಗೆದು ನುಂಗಿದಳು. ಸುಭಾಸ ನೀರಿನ ಬಾಟಲಿ ಹಿಡಿದು ಎದುರಿಗೆ ಕುಕ್ಕರಗಾಲಿನಲ್ಲಿ ಕೂತ. ಸಿಟ್ಟು ಪೂರ್ತಿ ಹೋಗಿರಲಿಲ್ಲ. ಆದರೆ ಯಾರ ಮೇಲೆ ಅಂತ ಹುಡುಕುವ ಕೆಲಸ ಸದ್ಯಕ್ಕೆ ಬಿಟ್ಟಿದ್ದ.

"ಸೂಜಿ ಯಾವತ್ತೈತಿ?"

"ಬರೋ ತಿಂಗಳ ಮೊದಲ ಸೋಮವಾರ."

"ನಾ ಒಳಗ ಬರ್ತೀನಿ."

"ಬಾ. ಅಲ್ಲೆ ಒಂದ ಖುರ್ಚಿ ಇರತೈತಿ, ಅದು ನನಗ ಬೇಕು. ನೀ ನಿಂತಿರು."

"ನಿಂತು ಏನ್ ಮಾಡ್ಲಿ?"

"ಕೇಳು" ಅಂದಳು ಸುಶೀಲವ್ವ. "ನಡುವ ಎದ್ದು ಓಡಬ್ಯಾಡ. ಪೂರ್ತಿ ಕೇಳು."